ಬಾನೆಟ್ಟಿಗೆ ಕಿಟಕಿ

ನಿಂತಿರುವ ಕಾರು ಕಂಡರೆ ಅದರ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನೋಡುವ ಚಟವೊಂದು ನನಗೆ ಈಚೆಗೆ ಅಂಟಿಕೊಂಡಿದೆ. ಯಾರ ಕಾರು, ಏನು ಎತ್ತ ಎಂದು ವಿಚಾರಿಸುವ ಗೋಜಿಗೆ ಹೋಗುವುದಿಲ್ಲ. ಹೋದ ವಾರ ಶಿವಮೊಗ್ಗದ ದುರ್ಗಿಗುಡಿಗೆ ಲೈನಿಂಗ್ ಬಟ್ಟೆ ತರಲು ಹೋದವಳು ಅಂಗಡಿಯ ಮುಂದೆ ನಿಂತಿದ್ದ ಬಿಳಿ ಕಾರನ್ನು ಹೀಗೆಯೇ ಮುಟ್ಟಿ ನೋಡುತ್ತಿದ್ದೆ. ಒಳಗೆ ಒಬ್ಬರು ಕೂತಿದ್ದದ್ದು ನನಗೆ ಕಂಡಿರಲಿಲ್ಲ. ಗಾಜು ಇಳಿಸಿ, "ಏನ್ ಬೇಕಿತ್ತಮ್ಮಾ?" ಎಂದರು. ಏನು ಹೇಳಲಿ? "ಬಿಸಿ ಇದ್ಯಾ ಅಂತ ನೋಡ್ದೆ" ಎಂದೆ. ಗಾಜು ಮೇಲೇರಿತು, ಬಾಗಿಲಿನ ಲಾಕ್ ಬಿದ್ದ ಸದ್ದೂ ಕೇಳಿಸಿತು. ಹಣೆಗೆ ವಿಭೂತಿ ಹಚ್ಚಿ ಕೈಯಲ್ಲಿ ಬಟ್ಟೆ ಚೀಲ ಹಿಡಿದ, ಅರವತ್ತು ದಾಟಿದ ಹೆಂಗಸಿಗೆ ಹೆದರಿ ಒಬ್ಬ ಗಂಡಸು ಕಾರಿನ ಲಾಕ್ ಹಾಕಿಕೊಂಡದ್ದು ನೆನೆದು ಬಸ್ ಸ್ಟ್ಯಾಂಡಿನವರೆಗೂ ಒಬ್ಬಳೇ ನಗುತ್ತ ಹೋದೆ. ಆದರೆ ಹೆದರಿದ್ದು ಅವರಿಗಿಂತ ಹೆಚ್ಚಾಗಿ ನಾನು. ಆ ಬಾನೆಟ್ಟು ನಿಜವಾಗಿಯೂ ಬಹಳ ಬಿಸಿಯಾಗಿತ್ತು.

ಹಾವು, ಹಲ್ಲಿ, ಕತ್ತಲು, ಸ್ಮಶಾನ, ಇವು ಯಾವುದಕ್ಕೂ ನಾನು ಹೆದರಿದವಳಲ್ಲ. ಮುಚ್ಚಿಟ್ಟ ಬಿಸಿ ಎಂದರೆ ಮಾತ್ರ ನನ್ನ ಕೈಕಾಲು ತಣ್ಣಗಾಗುತ್ತದೆ. ಒಲೆಯಲ್ಲಿ ಉರಿಯುವ ಬೆಂಕಿ ಕಣ್ಣಿಗೆ ಕಾಣುತ್ತದಲ್ಲ, ಅದರ ಜೊತೆ ಹೇಗೋ ಬಾಳಬಹುದು. ಮುಚ್ಚಳದ ಕೆಳಗೆ ಇರುವುದರ ಯೋಚನೆ ಏನು ಎಂದು ಯಾರಿಗೆ ಗೊತ್ತು? ನಾನು ಪ್ರೈಮರಿ ಶಾಲೆಯಲ್ಲಿದ್ದಾಗ ನಮ್ಮ ಮನೆಗೆ ಮೊದಲ ಕುಕ್ಕರ್ ಬಂತು. ಅವ್ವ ಅದಕ್ಕೆ ಕುಂಕುಮವಿಟ್ಟು, ಊದುಬತ್ತಿ ಬೆಳಗಿ, ಬೇಳೆ ಬೇಯಲು ಇಟ್ಟಳು. ಕೂಗುವ ಬದಲು ಅದು ಸುಮ್ಮನೆ ನಡುಗಿತು, ಆಮೇಲೆ ಢಂ ಎಂದಿತು. ಯಾರಿಗೂ ಏನೂ ಆಗಲಿಲ್ಲ. ತೊಗರಿಬೇಳೆ ಮಾತ್ರ ಅಷ್ಟೂ ಮಾಡಿಗೆ ಅಂಟಿಕೊಂಡಿತು, ಸುಣ್ಣ ಹೊಡೆಸುವ ತನಕ ಅಲ್ಲೇ ಇತ್ತು. ಅಷ್ಟು ದಿನವೂ ನಾನು ಮೇಲೆ ನೋಡುತ್ತಲೇ ಊಟ ಮಾಡಿದೆ. ಇವತ್ತಿಗೂ ಕುಕ್ಕರ್ ಇಟ್ಟರೆ ನಾನು ನಿಲ್ಲುವುದು ಅಡುಗೆಮನೆಯ ಬಾಗಿಲ ಆಚೆ.

ನಮ್ಮದು ಭದ್ರಾವತಿ ನ್ಯೂ ಟೌನಿನ ಕ್ವಾರ್ಟರ್ಸು. ಅಪ್ಪ ಕಬ್ಬಿಣದ ಕಾರ್ಖಾನೆಯ ಕುಲುಮೆ ಖಾತೆಯಲ್ಲಿದ್ದರು. ಸಂಜೆಯ ಹೊತ್ತು ಕುಲುಮೆಯ ಕಾದ ಕಿಟ್ಟ ಸುರಿದಾಗ ಆಕಾಶ ಆ ಕಡೆ ಕೆಂಪಗಾಗುತ್ತಿತ್ತು. ಹೊರಗಿನಿಂದ ಬಂದ ನೆಂಟರು ಗಾಬರಿಯಾಗಿ, "ಅಯ್ಯೋ, ಬೆಂಕಿ!" ಎಂದರೆ ನಾವು ಮಕ್ಕಳು ನಗುತ್ತಿದ್ದೆವು. ಅವ್ವನಿಗೆ ಆ ಕೆಂಪೇ ಸಮಾಧಾನ. ಹಿತ್ತಿಲ ಬಾಗಿಲಲ್ಲಿ ಹುರುಳಿಕಾಯಿ ಮುರಿಯುತ್ತ ಒಮ್ಮೆ ತಲೆಯೆತ್ತಿ ನೋಡಿದರೆ ಎಲ್ಲ ಸರಿಯಾಗಿದೆ ಎಂದು ಅರ್ಥ. ಹೊತ್ತಲ್ಲದ ಹೊತ್ತಿನಲ್ಲಿ ಸೈರನ್ ಕೂಗಿತೋ, ಮುಗಿಯಿತು. ನಮ್ಮ ಸಾಲಿನ ಹೆಂಗಸರೆಲ್ಲ ಹೊರಗೆ ಬಂದು ಗೇಟಿಗೆ ಕೈಯಿಟ್ಟು ನಿಲ್ಲುತ್ತಿದ್ದರು. ಕನ್ನಡದವರು, ತಮಿಳರು, ತೆಲುಗರು, ಎಲ್ಲರದೂ ಒಂದೇ ಮೌನ. ಅವರವರ ಮನೆಯ ಸೈಕಲ್ಲು ಬರುವವರೆಗೆ ಒಬ್ಬರೂ ಒಳಗೆ ಹೋಗುತ್ತಿರಲಿಲ್ಲ. ಅವ್ವನ ಸೆರಗು ಹಿಡಿದು ನಿಂತ ನನಗೆ ಅವಳ ಸೊಂಟ ನಡುಗುವುದು ಗೊತ್ತಾಗುತ್ತಿತ್ತು. ಬೇರೆ ಹೆಣ್ಣುಮಕ್ಕಳಿಗೆ ತಾಯಿಯಿಂದ ಬಳೆ, ಬೋರಮಾಳ ಬಂದಿರಬಹುದು. ನನಗೆ ಬಂದದ್ದು ಅದು.

ಅಪ್ಪ ಒಮ್ಮೆ ಹುಬ್ಬು ಸುಟ್ಟುಕೊಂಡು ಬಂದರು. ಹುಬ್ಬಿಲ್ಲದ ಅಪ್ಪ ಯಾವಾಗಲೂ ಆಶ್ಚರ್ಯಪಟ್ಟವರ ಹಾಗೆ ಕಾಣುತ್ತಿದ್ದರು. "ಮುಚ್ಚಳ ತೆಗಿಯೋವಾಗ ಎದುರಿಗೆ ನಿಲ್ಬಾರ್ದು ಮಗಾ, ಪಕ್ಕಕ್ಕೆ ನಿಲ್ಬೇಕು" ಎಂದು ಅವತ್ತು ನನಗೆ ಹೇಳಿಕೊಟ್ಟರು. ಕುಲುಮೆಯವರ ಮನೆಯ ಮಕ್ಕಳೆಲ್ಲ ಹೀಗೆಯೇ ಬೆಳೆದವರು. ನಾನು ಟಿಫನ್ ಡಬ್ಬಿಯನ್ನೂ ಮುಖ ಓರೆ ಮಾಡಿಯೇ ತೆರೆಯುತ್ತೇನೆ. ಹೊಲಿಗೆ ಟೀಚರ್ ಆಗಿದ್ದಾಗ ಸ್ಟಾಫ್ ರೂಮಿನಲ್ಲಿ, "ಗಿರಿಜಾ ಟೀಚರಿಗೆ ತಮ್ಮ ಉಪ್ಪಿಟ್ಟಿನ ಮೇಲೇ ನಂಬಿಕೆಯಿಲ್ಲ" ಎಂದು ಆಡಿಕೊಳ್ಳುತ್ತಿದ್ದರು.

ನಾನು ಮದುವೆಯಾದವರೂ ಕಾರ್ಖಾನೆಯವರೇ. (ಇನ್ನು ಮುಂದೆ ನಾನು 'ಇವರು' ಎಂದರೆ ನಮ್ಮ ಯಜಮಾನರು ಎಂದು ತಿಳಿದುಕೊಳ್ಳಿ.) ಕುಲುಮೆಯ ಹುಡುಗ ಬೇಡ ಎಂದು ಅವ್ವ ಹಟ ಹಿಡಿದು, ತಗಡಿನ ಖಾತೆಯಲ್ಲಿದ್ದ ಇವರನ್ನು ಹುಡುಕಿ ತಂದಳು. ತಗಡು ಸಿಡಿಯುವುದಿಲ್ಲ ಎಂಬುದು ಅವಳ ಲೆಕ್ಕಾಚಾರ. ಇವರು ತಗಡು ಕತ್ತರಿಸುತ್ತ, ನಾನು ಬಟ್ಟೆ ಕತ್ತರಿಸುತ್ತ ಸಂಸಾರ ಮಾಡಿದೆವು. ನಮ್ಮ ಮನೆಯ ಅಕ್ಕಿ ಡಬ್ಬಿ, ಒಲೆಯ ಮೇಲಿನ ಹೊಗೆ ಕೊಳವೆ, ಬೋಗನ್‌ವಿಲ್ಲಾದ ತೊಟ್ಟಿ, ಎಲ್ಲ ಇವರ ಕೈಯದೇ. ರಿಟೈರ್ ಆದ ಮೇಲೂ ಆ ಕೈ ಸುಮ್ಮನೆ ಕೂತದ್ದಿಲ್ಲ.

ಸುಮ್ಮನೆ ಕೂರುವಂತೆ ಮಾಡಿದ್ದು ಕಾಯಿಲೆ. ಎರಡೂ ಕಿಡ್ನಿ ಕೈಕೊಟ್ಟವು. ವಾರಕ್ಕೆ ಮೂರು ಸಲ ಶಿವಮೊಗ್ಗದಲ್ಲಿ ಡಯಾಲಿಸಿಸ್ ಎಂದಾಯಿತು. ಎಡಗೈಯಲ್ಲಿ ರಕ್ತನಾಳಗಳನ್ನು ಕೂಡಿಸಿ ಸೂಜಿ ಚುಚ್ಚಲು ಜಾಗ ಮಾಡಿದರು. ಆ ಜಾಗದ ಮೇಲೆ ಅಂಗೈ ಇಟ್ಟರೆ ಒಳಗೆ ಜುಂ ಎಂದು ಮಿಡಿಯುತ್ತಿರುತ್ತದೆ. ಆ ಮಿಡಿತ ನಿಂತರೆ ತಕ್ಷಣ ಓಡಿ ಬರಬೇಕು, ಆ ಕೈಯಲ್ಲಿ ಭಾರ ಎತ್ತಬಾರದು, ಅಲ್ಲಿ ಗಾಯವಂತೂ ಆಗಲೇಕೂಡದು, ರಕ್ತ ಚಿಮ್ಮುತ್ತದೆ ಎಂದು ಸಿಸ್ಟರ್ ಹೇಳಿಕೊಟ್ಟಿದ್ದರು. ಬೆಳಿಗ್ಗೆ ಎದ್ದ ಕೂಡಲೇ ನಾನು ಮುಟ್ಟಿ ನೋಡುವುದು ಅದನ್ನು. ಆಮೇಲೆ ದೇವರ ಮುಖ.

ಮೊದಮೊದಲು ಬಸ್ಸಿನಲ್ಲಿ ಹೋಗಿ ಬಂದೆವು. ವಾಪಸ್ಸು ಬರುವಾಗ ಇವರ ಬಿ.ಪಿ. ಇಳಿದು ಒಮ್ಮೆ ಮಾಚೇನಹಳ್ಳಿ ಹತ್ತಿರ ಬಸ್ಸಿನ ನೆಲದ ಮೇಲೇ ಕುಸಿದು ಕೂತುಬಿಟ್ಟರು. ಬಾಡಿಗೆ ಕಾರು ನಮ್ಮ ಹೊತ್ತಿಗೆ ಸಿಗುತ್ತಿರಲಿಲ್ಲ, ಸಿಕ್ಕಿದವರು ಇವರ ವಾಂತಿ ನೋಡಿ ಮುಖ ಹಿಂಡುತ್ತಿದ್ದರು. ಶೆಡ್ಡಿನಲ್ಲಿ ನಮ್ಮದೇ ಹಳೆಯ ನೀಲಿ ಕಾರಿತ್ತು. ಆದರೆ ಇವರು ಸ್ಟಿಯರಿಂಗ್ ಮುಟ್ಟಬಾರದು ಎಂದು ಡಾಕ್ಟರು ಹೇಳಿದ್ದರಿಂದ, ಕುಕ್ಕರಿಗೆ ಹೆದರುವ ನಾನು ಕಾರು ಕಲಿಯಬೇಕಾಯಿತು. ಕಲಿಸಿದಾತ ಪಾಠ ಮುಗಿಯುವ ತನಕ ಬಾಗಿಲಿನ ಹಿಡಿಯಿಂದ ಕೈ ತೆಗೆಯುತ್ತಿರಲಿಲ್ಲ. ನಾನು ರಸ್ತೆ ನೋಡುವುದಕ್ಕಿಂತ ಹೆಚ್ಚು ನೋಡುತ್ತಿದ್ದದ್ದು ಇಂಜಿನ್ನಿನ ಬಿಸಿ ತೋರಿಸುವ ಮುಳ್ಳನ್ನು. ಬಾನೆಟ್ಟು ಅಂದರೆ ಏನು ಹೇಳಿ? ನನ್ನ ಕಣ್ಣೆದುರಿಗೇ ಇರುವ, ನಾನೇ ಓಡಿಸಬೇಕಾದ, ಅಷ್ಟು ದೊಡ್ಡ ಕುಕ್ಕರ್ ಮುಚ್ಚಳ.

ಇವರಿಗೆ ಸೆಕೆ ತಡೆಯುವುದಿಲ್ಲವೆಂದು ಕಾರಿಗೆ ಆಮೇಲೆ ಎಸಿ ಕೂರಿಸಿದ್ದೆವು. ಈ ಬೇಸಿಗೆ ಬರುತ್ತಿದ್ದಂತೆ ಮುಳ್ಳು ಮೇಲೆ ಹತ್ತತೊಡಗಿತು. ಏಪ್ರಿಲ್‌ನ ಒಂದು ಮಧ್ಯಾಹ್ನ ಆಸ್ಪತ್ರೆಗೆ ಹೋಗುತ್ತಿದ್ದಾಗ ನಿದಿಗೆ ದಾಟುವ ಮೊದಲೇ ಮುಳ್ಳು ಕೆಂಪು ಮುಟ್ಟಿತು. ಬಾನೆಟ್ಟಿನ ಅಂಚಿನಿಂದ ಬಿಳಿಯ ಹಬೆ ಎದ್ದು ಗಾಜಿನ ಮೇಲೆ ಬಂತು. ಹೇಗೆ ನಿಲ್ಲಿಸಿದೆನೋ ಗೊತ್ತಿಲ್ಲ. ಇವರನ್ನು ಇಳಿಸಿ ಹುಣಸೆಮರದ ಕೆಳಗೆ ಕೂರಿಸಿ, ಪಕ್ಕಕ್ಕೆ ನಿಂತು, ಮುಖ ತಿರುಗಿಸಿ ಬಾನೆಟ್ಟು ಎತ್ತಿದೆ. ಒಳಗೆ ಬುಸುಬುಸು ಸದ್ದು. ರೇಡಿಯೇಟರಿನ ಮುಚ್ಚಳದ ಕಡೆ ಕೈ ಚಾಚಿದವಳನ್ನು ಇವರು ಕೂತಲ್ಲಿಂದಲೇ ಗದರಿದರು.

"ಮುಟ್ಬೇಡ್ವೇ! ಮುಖ ಬೆಂದೋಗುತ್ತೆ. ಆರ್ಲಿ ಬಿಡು."

ಆರುವವರೆಗೆ ಕಾದೆವು. ಲಾರಿಗಳು ಧೂಳೆಬ್ಬಿಸಿಕೊಂಡು ಹೋಗುತ್ತಿದ್ದವು. ಕೊನೆಗೆ ಒದ್ದೆ ಗೋಣಿಚೀಲ ಹಾಕಿ ಮುಚ್ಚಳ ತಿರುವಿ, ಇಂಜಿನ್ ಶುರು ಮಾಡಿ, ಬಾಟಲಿಯ ನೀರನ್ನು ಸ್ವಲ್ಪ ಸ್ವಲ್ಪವಾಗಿ ಸುರಿದೆ. ಒಂದು ಬಾಟಲಿ ಖಾಲಿಯಾಯಿತು, ಇನ್ನೊಂದೂ ಆಯಿತು, ಗಟಗಟ ಕುಡಿಯುತ್ತಲೇ ಇತ್ತು. ತಿರುಗಿ ನೋಡಿದರೆ ಇವರ ಕಣ್ಣು ಆ ನೀರಿನ ಮೇಲೇ ಇದೆ. ಕಿಡ್ನಿ ಹೋದವರಿಗೆ ದಿನಕ್ಕೆ ಇಷ್ಟೇ ನೀರು ಎಂದು ಅಳತೆಯಿರುತ್ತದೆ. ಅಂಥ ಸೆಕೆಯಲ್ಲೂ ಇವರು ನಾಲಿಗೆ ಒದ್ದೆಯಾಗುವಷ್ಟು ಕುಡಿದು ಲೋಟ ಕೆಳಗಿಡುತ್ತಿದ್ದರು. ಇವರ ಗಂಟಲು ಒಮ್ಮೆ ಮೇಲೆ ಹೋಗಿ ಕೆಳಗೆ ಬಂದದ್ದು ನನಗೆ ಕಾಣಿಸಿತು.

"ನನ್ ಪಾಲಿಂದೂ ಅದಕ್ಕೇ ಹಾಕು ಮಾರಾಯ್ತಿ, ಪಾಪ" ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಆಸ್ಪತ್ರೆ ಮುಟ್ಟುವ ಹೊತ್ತಿಗೆ ಇವರ ಮೆಷಿನ್ನಿನಲ್ಲಿ ಬೇರೆಯವರನ್ನು ಮಲಗಿಸಿದ್ದರು. ತಪ್ಪು ಅವರದಲ್ಲ, ಕಾಯುವವರ ಸಾಲೇ ಹಾಗಿತ್ತು. ಮಾರನೆಯ ದಿನ ಬರಲು ಹೇಳಿದರು. ಮನೆಗೆ ಬಂದಾಗ ಇವರ ಪಾದ ಊದಿ ಚಪ್ಪಲಿಯ ಪಟ್ಟಿ ಒಳಗೆ ಹೂತುಹೋಗಿತ್ತು, ಎರಡು ಮಾತಾಡಿದರೆ ಏದುಸಿರು. ಜಗುಲಿಯ ಮೇಲೆ ಕೂತು ಕಾರಿನ ಕಡೆ ನೋಡಿ, "ಸಾಕು ಕಣೆ. ಅದೂ ಸಾಕು ಅಂತಿದೆ, ನಾನೂ ಸಾಕು ಅಂತೀನಿ. ಇನ್ನು ಹೋಗೋದ್ ಬೇಡ" ಎಂದರು. ಜಗಳವಿಲ್ಲ, ಅಳುವಿಲ್ಲ. ನಾಳೆ ಹಾಲು ಬೇಡ ಎನ್ನುವ ಧಾಟಿಯಲ್ಲಿ ಹೇಳಿದರು. ನಾನು ಜಗುಲಿಯ ಕಂಬ ಹಿಡಿದು ನಿಂತೆ. ಅವ್ವ ಗೇಟು ಹಿಡಿದು ನಿಲ್ಲುತ್ತಿದ್ದದ್ದು ಹೀಗೆಯೇ ಎಂದು ಕಾಣುತ್ತದೆ. ಮಾರನೆಯ ದಿನ ಬಾಡಿಗೆ ಕಾರಿನವರಿಗೆ ಕೈಮುಗಿದು ಕರೆದು, ಇವರಿಗೂ ಕೈಮುಗಿದು ಕರೆದುಕೊಂಡು ಹೋದೆ. ಆದರೆ ಆ 'ಸಾಕು' ನಮ್ಮ ಮನೆಯಲ್ಲೇ ಉಳಿಯಿತು. ಇನ್ನೊಂದು ಸಲ ಕಾರು ದಾರಿಯಲ್ಲಿ ನಿಂತರೆ ಇವರು ಮತ್ತೆ ಏಳುವುದಿಲ್ಲ ಎಂಬುದು ನನಗೆ ಖಾತ್ರಿಯಾಗಿತ್ತು.

ಶಿವಮೊಗ್ಗದ ಸಾಗರ ರಸ್ತೆಯ ಗ್ಯಾರೇಜಿನಲ್ಲಿ ಕಾರು ತೋರಿಸಿದೆ. ರೇಡಿಯೇಟರ್ ತೊಳೆದರು, ಪೈಪು ಬದಲಿಸಿದರು, ಫ್ಯಾನು ನೋಡಿದರು. "ಅಕ್ಕಾ, ಎಲ್ಲಾ ಸಾಫ್ ಇದೆ. ಎಸಿ ಬೇರೆ ಕೂರ್ಸಿದೀರ, ಇಂಜಿನ್ ರೂಮಲ್ಲಿ ಹವಾ ಆಡಲ್ಲ. ಜಾಸ್ತಿ ಗರಂ ಆದ್ರೆ ಒಳಗಡೆ ಹೀಟರ್ ಹಾಕ್ಬಿಡಿ, ಇಂಜಿನ್ ಬಿಸಿ ಎಳ್ಕೊಳುತ್ತೆ" ಎಂದರು. ಅದನ್ನೂ ಮಾಡಿ ನೋಡಿದೆ. ಏಪ್ರಿಲ್ ಬಿಸಿಲಿನಲ್ಲಿ, ರೋಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹೀಟರ್! "ಡಯಾಲಿಸಿಸ್ ಯಾಕೆ, ಇಲ್ಲೇ ಬೆವರಿ ಎಲ್ಲಾ ಹೊರಗೆ ಹೋಗುತ್ತೆ" ಎಂದರು ಇವರು. ಗಾಜು ಇಳಿಸಿ ಮಲವಗೊಪ್ಪದವರೆಗೆ ಸೆರಗಿನಲ್ಲಿ ಇವರ ಮುಖ ಒರೆಸುತ್ತ ಓಡಿಸಿದೆ.

ಅವತ್ತು ಸಂಜೆ ಇವರು ಜಗುಲಿಯ ಮೇಲೆ ಕೂತು ಬಹಳ ಹೊತ್ತು ಕಾರನ್ನೇ ನೋಡಿದರು. ಆಮೇಲೆ, "ಗಿರಿಜಾ, ನಮ್ಮ ಶೆಡ್ಡಿನ ಮಾಡು ನೆನಪಿದ್ಯಾ?" ಎಂದರು.

"ಯಾವ ಮಾಡು?"

"ಕಾರ್ಖಾನೇದು. ನೆತ್ತಿ ಮೇಲೆ ಉದ್ದಕ್ಕೂ ಕಿಟಕಿ ಇರ್ತಿತ್ತಲ್ಲ. ಒಳಗಿನ ಸೆಕೆ ಎಲ್ಲಾ ಅಲ್ಲಿಂದ ಹೋಗ್ತಿತ್ತು. ಇದಕ್ಕೆ ಉಸಿರು ಬಿಡೋಕೇ ಜಾಗ ಇಲ್ಲ. ಬಾನೆಟ್ಟಿಗೆ ಕಿಟಕಿ ಇಡ್ಬೇಕು."

ಹೇಳಿದವರೇ ಗೋಡೆ ಹಿಡಿಯದೆ ಎದ್ದರು. ಮೆಟ್ಟಿಲಿಳಿದು ಕಾರಿನ ಹತ್ತಿರ ಹೋಗಿ ಬಾನೆಟ್ಟಿನ ಮೇಲೆ ಬೆರಳಿನಿಂದ ಗೆರೆ ಎಳೆದರು. ವಾರಗಳಿಂದ ಬಚ್ಚಲಿಗೂ ನನ್ನ ಭುಜ ಹಿಡಿದು ಹೋಗುತ್ತಿದ್ದ ಮನುಷ್ಯ! ನನ್ನ ಬಾಯಲ್ಲಿ ನೂರು ತಕರಾರುಗಳಿದ್ದವು. ಮಳೆ ನೀರು ಒಳಗೆ ಬಿದ್ದರೆ? ಗಾಳಿಗೆ ಬಾನೆಟ್ಟು ಹಾರಿ ಗಾಜಿಗೆ ಬಡಿದರೆ? ಆ ತೂತಿನಿಂದ ಬೆಂಕಿಯೇ ಹೊರಗೆ ಬಂದರೆ? ಒಂದನ್ನೂ ಆಡಲಿಲ್ಲ. "ಅಳತೆಗೆ ಪೇಪರ್ ಕಟಿಂಗ್ ಮಾಡ್ಕೊಡ್ಲಾ?" ಎಂದು ಕೇಳಿದೆ.

ಹಳೆಯ ದಿನಪತ್ರಿಕೆ ಹಾಸಿ, ಬ್ಲೌಸಿಗೆ ಮಾಡುವ ಹಾಗೆಯೇ ಬಾನೆಟ್ಟಿಗೂ ಪೇಪರ್ ಕಟಿಂಗ್ ಮಾಡಿದೆವು. ಗಾಜಿನ ಬುಡದಲ್ಲಿ, ಬಾನೆಟ್ಟು ಎಲ್ಲಕ್ಕಿಂತ ಎತ್ತರವಾಗಿರುವ ಕಡೆ, ಸಾಲಾಗಿ ಗುಂಡಿಯ ಕಾಜಾದಂಥ ಉದ್ದುದ್ದ ಸೀಳು. ಬಿಸಿ ಮೇಲಕ್ಕೇರುತ್ತದೆ, ಆದ್ದರಿಂದ ಕಿಟಕಿ ಅತಿ ಎತ್ತರದ ಕಡೆ ಇರಬೇಕು ಎಂದು ಇವರು ಹೇಳಿದರು. ನನಗೂ ಸರಿಯೆನಿಸಿತು. ನಮ್ಮೂರಿನ ಶೆಡ್ಡುಗಳೆಲ್ಲ ಹಾಗೇ ಇದ್ದವಲ್ಲ.

ಕೆಲಸ ನಡೆದದ್ದು ಸೆಲ್ವಂನ ಟಿಂಕರಿಂಗ್ ಶಾಪಿನಲ್ಲಿ. ಗುದ್ದಿದ ಕಾರುಗಳ ಡೊಂಕು ತೆಗೆಯುವ ಸೆಲ್ವಂನ ತಂದೆ ಇವರ ಜೊತೆಯಲ್ಲೇ ತಗಡಿನ ಖಾತೆಯಲ್ಲಿದ್ದವರು. ಹಾಗಾಗಿ ಸೆಲ್ವಂಗೆ ಇವರು 'ಮೇಸ್ತ್ರಿ'. ಕತ್ತರಿಸಿದ ತಗಡಿನ ಅಂಚು ಬ್ಲೇಡಿನಂತಿರುತ್ತದೆ. ಇವರ ಎಡಗೈ ನೆನೆದು ನನಗೆ ಹಿಂದಿನ ದಿನವೆಲ್ಲ ಊಟ ಸೇರಲಿಲ್ಲ. ಹಳೆಯ ಜೀನ್ಸ್ ಬಟ್ಟೆಯನ್ನು ಎರಡು ಮಡಿಕೆ ಮಾಡಿ, ನಡುವೆ ರೆಕ್ಸಿನ್ ಇಟ್ಟು, ಮಣಿಕಟ್ಟಿನಿಂದ ಭುಜದವರೆಗೆ ಬಿಗಿಯಾಗದ ತೋಳೊಂದನ್ನು ಹೊಲಿದೆ. ಅದನ್ನು ಹಾಕಿಕೊಂಡರೆ ಮಾತ್ರ ಬಾಗಿಲು ದಾಟುವುದು ಎಂದೆ. "ಒಂದು ಕೈಗೆ ಕೋಟು ಹಾಕ್ಕೊಂಡ್ ಮದುಮಗ ನಾನು" ಎಂದು ಗೊಣಗಿದರೂ ಹಾಕಿಕೊಂಡರು.

ಬಾನೆಟ್ಟನ್ನು ಬಿಚ್ಚಿ ಎರಡು ಸ್ಟೂಲಿನ ಮೇಲೆ ಅಂಗಾತ ಮಲಗಿಸಿ, ಒಳಗಿನ ಅಡ್ಡಪಟ್ಟಿಗಳು ಎಲ್ಲಿವೆ ಎಂದು ನೋಡಿ ಮತ್ತೆ ತಿರುಗಿಸಿದರು. ಗೆರೆ ಹಾಕಲು ಸೆಲ್ವಂನ ಶಾಪಿನಲ್ಲಿ ಸೀಮೆಸುಣ್ಣ ಸಿಗಲಿಲ್ಲ. ಇವರು ಜೇಬಿನಿಂದ ವಿಭೂತಿ ಗಟ್ಟಿ ತೆಗೆದು ನೀಲಿ ತಗಡಿನ ಮೇಲೆ ಗೆರೆ ಎಳೆದರು. ಬೆಳಿಗ್ಗೆ ಪೂಜೆಗೆ ಹಚ್ಚಿಕೊಂಡ ಗಟ್ಟಿಯೇ ಅದು.

"ಸಾಮಿ ಕೆಲ್ಸಾನೂ ಆಯ್ತು, ನಮ್ ಕೆಲ್ಸಾನೂ ಆಯ್ತು ಮೇಸ್ತ್ರಿ" ಎಂದ ಸೆಲ್ವಂ. ನನ್ನ ಕಡೆ ತಿರುಗಿ, "ಅಮ್ಮಾ, ನೀವ್ ಯಾಕ್ ಮರಳು ಬಕೆಟ್ ಹಿಡ್ಕೊಂಡ್ ನಿಂತೀರಿ? ಗಾಡಿ ಅಲ್ಲಿದೆ, ಕಟಿಂಗ್ ಇಲ್ಲಿದೆ. ಏನೂ ಆಗಲ್ಲ" ಎಂದ.

"ಆಗದೇ ಇರ್ಲಿ ಅಂತಾನೇ ಹಿಡ್ಕೊಂಡಿರೋದು" ಎಂದೆ.

ಗ್ರೈಂಡರ್ ತಗಡಿಗೆ ತಾಗಿದ ಸದ್ದು ನನ್ನ ಹಲ್ಲಿನೊಳಗೆ ಕೇಳಿಸಿತು. ಬಟ್ಟೆ ತಪ್ಪಾಗಿ ಕತ್ತರಿಸಿದರೆ ತುಂಡು ಜೋಡಿಸಿ ಹೇಗೋ ಸರಿಮಾಡಬಹುದು, ಇದನ್ನು ಹೇಗೆ? ಕಿಡಿ ಹಾರುವಾಗೆಲ್ಲ ನಾನು ನೋಡುತ್ತಿದ್ದದ್ದು ಆ ಜೀನ್ಸ್ ತೋಳನ್ನು. ಕತ್ತರಿಸಿದ್ದು ಸೆಲ್ವಂ, ಅಂಚು ಮಡಿಸಿದ್ದು ಇವರು, ಬಲಗೈಯಲ್ಲಿ ಮರದ ಸುತ್ತಿಗೆ ಹಿಡಿದು ಸಣ್ಣ ಸಣ್ಣ ಏಟಿನಲ್ಲಿ. ಮುಖದ ಮೇಲೆ ಬೆವರಿತ್ತು, ಆದರೆ ಅದು ಕಾಯಿಲೆಯ ಬೆವರಲ್ಲ. ಎಷ್ಟೋ ತಿಂಗಳಾದ ಮೇಲೆ ನನ್ನ ಗಂಡನನ್ನು ಕಂಡೆ. ಸಂತೋಷಪಡಬೇಕಲ್ಲವೇ? ಇದೂ ಕೆಟ್ಟುಹೋದರೆ ಇವರಿಗೆ ಹಿಡಿದುಕೊಳ್ಳಲು ಇನ್ನೇನೂ ಉಳಿಯುವುದಿಲ್ಲ ಎಂಬ ಯೋಚನೆ ಬಂದು ಬಕೆಟ್ಟು ಕೆಳಗಿಟ್ಟು ಕೂತುಬಿಟ್ಟೆ.

ಮೊದಲ ದಿನದ ಪಯಣಕ್ಕೆ ಇಬ್ಬರೂ ಹೊಸ ಬಟ್ಟೆ ಹಾಕಿಕೊಂಡು ಹೊರಟೆವು. ಭದ್ರಾವತಿಯ ಸಂದಣಿಯಲ್ಲಿ ನಿಂತಾಗಲೆಲ್ಲ ಕಿಟಕಿಗಳಿಂದ ಬಿಸಿಗಾಳಿ ಎದ್ದು ಎದುರಿನ ಅಂಗಡಿಗಳ ಬೋರ್ಡು ನೀರಲ್ಲಿ ಕಂಡಂತೆ ಅಲುಗುತ್ತಿತ್ತು. ಮುಳ್ಳು ನಡುವೆ ನಿಂತಿತ್ತು. "ನೋಡ್ದ್ಯಾ?" ಎಂದು ಇವರು ಮೂರು ಸಲ ಕೇಳಿರಬೇಕು. ಊರು ದಾಟಿ ದೊಡ್ಡ ರಸ್ತೆಗೆ ಬಿದ್ದು ವೇಗ ಹೆಚ್ಚಿಸಿದೆ. ಮುಳ್ಳು ಕದಲಿತು. ಇನ್ನೂ ಸ್ವಲ್ಪ ವೇಗವಾಗಿ ಹೋದರೆ ಗಾಳಿ ಬಡಿದು ತಣ್ಣಗಾದೀತೆಂದು ಒತ್ತಿದೆ, ಇನ್ನೂ ಮೇಲೆ ಹೋಯಿತು. ಇವರಿಗೆ ಹೇಳಲಿಲ್ಲ, ಎಸಿ ಆರಿಸಿದೆ. ಇವರು ಕೇಳಲಿಲ್ಲ, ಗೊತ್ತಾಗಿತ್ತು. ಆ ಹೊತ್ತಿಗೆ ಎಲ್ಲಿಂದಲೋ ಒಂದು ಒಣ ಎಲೆ ಹಾರಿ ಬಂದು ಕಿಟಕಿಯ ಮೇಲೆ ಬಿತ್ತು. ಒಳಗಿನ ಗಾಳಿ ಹೊರಗೆ ಬರುತ್ತಿದ್ದರೆ ಅದು ಹಾರಿಹೋಗಬೇಕಿತ್ತು. ಹೋಗಲಿಲ್ಲ. ಕಿಟಕಿಗೆ ಅಂಟಿಕೊಂಡು, ನಡುಗುತ್ತ, ಕೊನೆಗೆ ಸೀಳಿನೊಳಗೆ ಹೊಕ್ಕು ಮಾಯವಾಯಿತು. ನಿಧಾನಕ್ಕೆ, ಎತ್ತಿನಗಾಡಿಯವರೂ ಬೈಯುವಷ್ಟು ನಿಧಾನಕ್ಕೆ ಓಡಿಸಿ ಆಸ್ಪತ್ರೆ ಮುಟ್ಟಿಸಿದೆ.

ಇವರು ಒಳಗೆ ಮೆಷಿನ್ನಿಗೆ ಮಲಗಿದ್ದಾಗ ನಾನು ಹೊರಗಿನ ಬೆಂಚಿನ ಮೇಲೆ ಆ ಎಲೆಯನ್ನೇ ಯೋಚಿಸಿದೆ. ಮನೆಗೆ ಬಂದ ಮೇಲೆ, ಹೇಳಲೋ ಬೇಡವೋ ಎಂದು ಒದ್ದಾಡಿ ಹೇಳಿದೆ. ಇವರಿಗೆ ಸಿಟ್ಟು ಬಂತು.

"ಬಿಸಿ ಗಾಳಿ ಮೇಲಕ್ಕೆ ಹೋಗುತ್ತೆ. ನಲವತ್ತು ವರ್ಷ ನೋಡಿದೀನಿ ನಾನು."

"ಹೋಗುತ್ತೆ ರೀ, ನಿಂತಿದ್ರೆ. ನಿಮ್ ಶೆಡ್ಡು ನಿಂತಲ್ಲೇ ನಿಂತಿತ್ತು. ಇದು ಓಡುತ್ತಲ್ಲ? ಗಾಳಿ ಎದುರಿಂದ ಬಂದು ಗಾಜಿಗೆ ಗುದ್ದಿ, ಆ ಕಿಟಕಿಯೊಳಗೇ ಇಳೀತಿದೆ."

ಇವರು ಎದ್ದು ಒಳಗೆ ಹೋಗಿ ಗೋಡೆ ಕಡೆ ತಿರುಗಿ ಮಲಗಿದರು. ಊಟಕ್ಕೆ ಕರೆದರೂ ಬರಲಿಲ್ಲ. ನಾನು ಬಾಯಿ ಮುಚ್ಚಿಕೊಂಡು ಇರಬಾರದಿತ್ತೇ? ಮುಳ್ಳು ನೋಡಿಕೊಂಡು ನಿಧಾನವಾಗಿ ಓಡಿಸಿದ್ದರೆ ಆಗುತ್ತಿತ್ತು. ಗೆದ್ದ ಮಾತನ್ನು ವಾಪಸ್ಸು ನುಂಗುವ ಹಾಗಿದ್ದರೆ ಆ ಸಂಜೆ ನುಂಗಿಬಿಡುತ್ತಿದ್ದೆ. ಮಲಗಿದವರ ಬೆನ್ನು ಉಸಿರಿಗೆ ಏಳುವುದನ್ನು ನೋಡುತ್ತ ಮಂಚದ ತುದಿಯಲ್ಲಿ ಕೂತಿದ್ದೆ.

ಬೆಳಿಗ್ಗೆ ಇವರ ಎಡಗೈ ಮುಟ್ಟಿ ನೋಡಲು ಹೋದಾಗ ಕಣ್ಣು ಬಿಟ್ಟೇ ಇದ್ದರು. "ಉಲ್ಲನ್ ಇದ್ಯಾ ಮನೇಲಿ?" ಎಂದರು.

ಹೊಲಿಗೆ ಟೀಚರ ಮನೆಯಲ್ಲಿ ಉಲ್ಲನ್ನಿಗೆ ಬರವೇ? ಕೆಂಪು ದಾರವನ್ನು ಬೆರಳುದ್ದ ಕತ್ತರಿಸಿ, ಬಾನೆಟ್ಟಿನ ತುಂಬ ಅಂಟಿಸಿದೆವು. ಅಂಟಿಸಲು ಆಸ್ಪತ್ರೆಯ ಬ್ಯಾಂಡೇಜು ಟೇಪು. ನಮ್ಮ ಮನೆಯಲ್ಲಿ ಆಗ ಎಲ್ಲಕ್ಕಿಂತ ಹೆಚ್ಚಿದ್ದದ್ದು ಅದು. ಗಾಳಿ ಎಲ್ಲಿ ಒಳಗೆ ಇಳಿಯುತ್ತದೆ, ಎಲ್ಲಿ ಮೇಲಕ್ಕೆ ಸೆಳೆಯುತ್ತದೆ ಎಂದು ದಾರ ಹೇಳುತ್ತದೆ ಎಂಬುದು ಇವರು ಇಡೀ ರಾತ್ರಿ ಮಾಡಿದ ಯೋಚನೆ. ಮುಡಿಗೆ ಎಣ್ಣೆಯಿಲ್ಲದ ಮುದುಕಿಯಂತಿದ್ದ ಕಾರನ್ನು ಹೊಳೆಹೊನ್ನೂರು ರಸ್ತೆಗೆ ತಿರುಗಿಸಿದೆ. ಎರಡೂ ಕಡೆ ಗದ್ದೆ, ವಾಹನ ಕಡಿಮೆ. ಇವರು ಗಾಜಿಗೆ ಮೂಗು ಒತ್ತಿ ಕೂತರು.

"ಇನ್ನೂ ಸ್ವಲ್ಪ ಸ್ಪೀಡು."

"ಸಾಕು ರೀ."

"ಏ, ಒತ್ತೇ ಮಾರಾಯ್ತಿ! ಗ್ರಿಲ್ಲಿನ ಹಿಂದಿನ ದಾರ ಎದ್ದು ನಿಂತಿದೆ, ನೋಡು! ಗಾಜಿನ ಹತ್ರದ್ದೆಲ್ಲ ತೂತಿನೊಳಗೆ ಹೋಗಿದೆ. ಮುಂದೆ, ಮುಂದೆ ಇಡ್ಬೇಕಿತ್ತು ಕಿಟಕೀನ! ಇನ್ನೂ ಒತ್ತು!"

ಜೀವಮಾನದಲ್ಲಿ ಹೋಗದ ವೇಗದಲ್ಲಿ ಹೋಗುತ್ತಿದ್ದೆ. ಬಾನೆಟ್ಟು ನಡುಗುತ್ತಿತ್ತು. ಹೇಳೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಢಂ ಎಂದಿತು, ಆ ಕುಕ್ಕರಿನದೇ ಸದ್ದು. ಬಾನೆಟ್ಟು ನನ್ನ ಕಣ್ಣೆದುರೇ ಮೇಲೆ ಜಿಗಿದು, ಎರಡನೆಯ ಕೊಂಡಿಗೆ ಸಿಕ್ಕಿ, ಬಾಯಿ ಬಿಟ್ಟುಕೊಂಡು ಪಟಪಟ ಬಡಿದುಕೊಳ್ಳತೊಡಗಿತು. ಮರಳಿ ಕೂರಿಸುವಾಗ ಸೆಲ್ವಂ ಚಿಲಕ ಸರಿಯಾಗಿ ಬಿಗಿದಿರಲಿಲ್ಲ, ಅದು ಆಮೇಲೆ ತಿಳಿದದ್ದು. ಆ ಗಳಿಗೆಯಲ್ಲಿ ನನಗೆ ತಿಳಿದದ್ದು ಒಂದೇ, ಈ ಕೊಂಡಿಯೂ ಬಿಟ್ಟರೆ ಅಷ್ಟೂ ತಗಡು ಗಾಜು ಒಡೆದು ಇವರ ಮುಖಕ್ಕೆ ಬರುತ್ತದೆ. ಸ್ಟಿಯರಿಂಗ್ ಬಿಟ್ಟು ಇವರ ಎದೆಗೆ ಕೈ ಅಡ್ಡ ಹಿಡಿದೆ. ಬ್ರೇಕ್ ಒತ್ತಿದ್ದು ಯಾವ ಕಾಲೋ, ಕಾರು ಗದ್ದೆಯ ಬದುವಿನ ಹತ್ತಿರ ಹೋಗಿ ನಿಂತಿತು.

ಇವರ ಎದೆಗೆ ಅಡ್ಡ ಹಿಡಿದ ಕೈಯನ್ನು ನಾನು ಇನ್ನೂ ತೆಗೆದಿರಲಿಲ್ಲ. ಇವರು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ಇಷ್ಟೊಂದು ಹೆದ್ರುತೀಯ ಕಾರಿಗೆ?" ಎಂದರು.

"ಕಾರಿಗಲ್ಲ ರೀ" ಎಂದೆ. ಅಳು ತಡೆಯಲಾಗಲಿಲ್ಲ. "ಅವತ್ತು ಸಾಕು ಅಂದ್ರಲ್ಲ, ಅದಕ್ಕೆ. ನೀವು ಇನ್ನೊಂದ್ ಸಲ ಹಾಗಂದ್ರೆ ನಂಗೆ ಏನ್ ಮಾಡ್ಬೇಕು ಅಂತ ಗೊತ್ತಿಲ್ಲ."

ಇವರು ಗದ್ದೆಯ ಕಡೆ ನೋಡುತ್ತ ಕೂತರು. ಆಮೇಲೆ ಇಳಿದು, ಜೇಬಿನಲ್ಲಿದ್ದ ಟೇಪಿನ ಜೊತೆ ನನ್ನ ತಲೆಯ ರಿಬ್ಬನ್ನನ್ನೂ ಕೇಳಿ ಇಸಿದುಕೊಂಡು ಬಾನೆಟ್ಟನ್ನು ಬಿಗಿದು ಕಟ್ಟಿದರು.

ಎರಡನೆಯ ಸಲದ ಕತ್ತರಿಯಲ್ಲಿ ಕಿಟಕಿಗಳು ಮುಂದಕ್ಕೆ ಬಂದವು, ರೇಡಿಯೇಟರಿನ ಬೆನ್ನಿಗೆ, ಬಾಯಿ ಹಿಂದಕ್ಕೆ ತೆರೆಯುವ ಹಾಗೆ. ಗಾಜಿನ ಹತ್ತಿರದ ಹಳೆಯ ಕಾಜಾಗಳಿಗೆ ತಗಡಿನ ತೇಪೆ ಬಿತ್ತು. ಸೆಲ್ವಂ ಚಿಲಕವನ್ನು ನನ್ನ ಕಣ್ಣೆದುರೇ ಬಿಗಿದು, ಮೇಲೆ ಹತ್ತಿ ಕೂತು ತೋರಿಸಿದ. ಬಣ್ಣ ಹೊಂದಲಿಲ್ಲ. ಶಿವಮೊಗ್ಗದಲ್ಲಿ ಹೊಳೆ ಬಸ್ ಸ್ಟಾಪಿನ ಹತ್ತಿರ ಟ್ರಾಫಿಕ್ ಪೊಲೀಸಿನವರು ಕಾರು ನಿಲ್ಲಿಸಿ, "ಏನಮ್ಮಾ ಇದು, ತುರಿಯೋಮಣೆ?" ಎಂದರು. ಇವರು ಎಡಗೈಯ ಬ್ಯಾಂಡೇಜು ಕಾಣುವಂತೆ ಕೈಮುಗಿದರು. ಅವರು ಒಮ್ಮೆ ಇವರನ್ನು, ಒಮ್ಮೆ ಬಾನೆಟ್ಟನ್ನು ನೋಡಿ, "ಹೋಗಿ, ಹೋಗಿ" ಎಂದು ಕೈ ಬೀಸಿದರು.

ಆವತ್ತು ಮಾಚೇನಹಳ್ಳಿಯ ಬಯಲಿನಲ್ಲಿಯೂ ಮುಳ್ಳು ನಡುವೆಯೇ ಇತ್ತು. ಬರುವಾಗಲೂ ಇತ್ತು. ನಾನು ಸಮಾಧಾನ ಮಾಡಿಕೊಳ್ಳಬೇಕಿತ್ತು. ಆದರೆ ಮುಳ್ಳು ನೋಡುವ ಕೆಲಸ ತಪ್ಪಿದ್ದರಿಂದ ನನ್ನ ಕಣ್ಣಿಗೆ ಪಕ್ಕದ ಸೀಟು ಕಾಣತೊಡಗಿತು. ಡಯಾಲಿಸಿಸ್ ಮುಗಿಸಿ ಬಂದವರ ಮುಖ ಬೂದಿಯ ಬಣ್ಣಕ್ಕಿರುತ್ತದೆ. ತಲೆ ಒಂದು ಕಡೆ ವಾಲಿ, ಬಾಯಿ ಅರ್ಧ ತೆರೆದು ನಿದ್ದೆ ಹೋಗಿದ್ದರು. ಈ ಮುಖಕ್ಕೆ ಯಾವ ಕಿಟಕಿ ಕೊರೆದು ಏನು ಮಾಡಲಿ? ಇಂಜಿನ್ನು ಸರಿಯಾಯಿತು ಎಂದು ಇವರಿಗೆ ಮಾಡಲು ಇನ್ನೇನೂ ಉಳಿಯದೆ, ನಾಳೆ ಬೆಳಿಗ್ಗೆ ಮತ್ತೆ ಆ 'ಸಾಕು' ಎಂಬ ಮಾತನ್ನೇ ಹೇಳಿದರೆ?

ಊರು ಹತ್ತಿರ ಬಂದಾಗ ರೈಲ್ವೆ ಗೇಟು ಹಾಕಿತ್ತು. ನಿಲ್ಲಿಸಿದೆ. ಸಂಜೆಯ ಬಿಸಿಲಲ್ಲಿ ಕಿಟಕಿಗಳಿಂದ ಬಿಸಿಗಾಳಿ ನೆಟ್ಟಗೆ ಮೇಲೇಳುತ್ತಿತ್ತು. ಇವರ ಎದೆ ಏರುವುದನ್ನೂ ಇಳಿಯುವುದನ್ನೂ ನೋಡುತ್ತಿದ್ದೆ. ಒಂದು ಸಲ ಏರಿದ್ದು ಇಳಿಯಲು ತಡವಾದಂತೆ ತೋರಿ ಕೈ ಚಾಚಿದೆ. ಇವರು ಕಣ್ಣು ಬಿಟ್ಟು, ನನ್ನನ್ನಲ್ಲ, ಬಾನೆಟ್ಟನ್ನು ನೋಡಿದರು.

"ಮಳೆ ಬಂದ್ರೆ ಇದ್ರೊಳಗೆ ನೀರು ಇಳಿಯುತ್ತೆ ಗಿರಿಜಾ."

"ಇಳಿಯುತ್ತೆ."

"ಜೂನ್ ಹೊತ್ತಿಗೆ ಕೆಳಗೊಂದು ತಟ್ಟೆ ಕೂರಿಸ್ತೀನಿ, ನೀರು ಪಕ್ಕಕ್ಕೆ ಹೋಗೋ ಹಾಗೆ. ಬಿಚ್ಚೋ ಹಾಗೇ ಮಾಡ್ಬೇಕು ಅದನ್ನ" ಎಂದು ಕಣ್ಣು ಮುಚ್ಚಿದರು. "ಮುಂದಿನ್ ಬೇಸ್ಗೇಲಿ ತೆಗೀಬೇಕಾಗುತ್ತಲ್ಲ."

ರೈಲು ಹೋಯಿತು. ಗೇಟು ಎತ್ತಿದರು. ಹಿಂದಿನ ಲಾರಿಯವನು ಹಾರನ್ ಒತ್ತಿ ಹಿಡಿದ. ಇವರು ಆಗಲೇ ಗೊರಕೆ ಹೊಡೆಯುತ್ತಿದ್ದರು. ಮುಂದಿನ ಬೇಸಿಗೆ ಎಂದರಲ್ಲ, ಕಣ್ಣು ತುಂಬಿ ನನಗೆ ಗೇರು ಎಲ್ಲಿದೆ ಎಂದೇ ಕಾಣಿಸಲಿಲ್ಲ.